ಖಾಲಿ ಕಾಲಂ ಕೂಡ ಮಾಹಿತಿಯೇ: ಪೊಲೀಸರ ತಪ್ಪಿನ ಕಡತ ಮತ್ತು ನಮ್ಮ ಮಾಹಿತಿ ಹಕ್ಕು

(ದೆಹಲಿಯ ವಸಂತ್ ಕುಂಜ್‌ನಲ್ಲಿ ಕನ್ನಡ ಗೆಳೆಯರ ಮುಂದೆ ಆಡಿದ ಮಾತಿನ ಬರಹರೂಪ. ಓದೋಕೆ ಅನುಕೂಲವಾಗಲಿ ಅಂತ ಅಲ್ಲಲ್ಲಿ ಒಪ್ಪ ಮಾಡಿದ್ದೇವೆ, ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇವೆ. ಕೊನೆಯಲ್ಲಿ ಸಭಿಕರ ಪ್ರಶ್ನೋತ್ತರ ಇದೆ.)

ರಜಾದಿನದ ಸಂಜೆ, ವಿಷಯ ನೋಡಿದರೆ ಪೊಲೀಸ್ ಕಡತ, ಕಾನೂನು, ಕಲಂ. ಆದರೂ ಇಷ್ಟು ಜನ ಬಂದಿದ್ದೀರಿ. ಸಂತೋಷ.

ನಾವು ಕೂತಿರೋ ಈ ವಸಂತ್ ಕುಂಜ್‌ಗೆ ಎರಡು ಪೊಲೀಸ್ ಠಾಣೆ ಇವೆ, ನಾರ್ತ್ ಒಂದು, ಸೌತ್ ಒಂದು. ಇಲ್ಲಿಂದ ಮುನಿರ್ಕಾ ಕಡೆ ಹೋದರೆ ಬಾಬಾ ಗಂಗನಾಥ್ ಮಾರ್ಗದಲ್ಲಿ ಕೇಂದ್ರ ಮಾಹಿತಿ ಆಯೋಗದ ಕಟ್ಟಡ ಸಿಗುತ್ತೆ. ಈ ಎರಡಕ್ಕೂ ಏನು ಸಂಬಂಧ ಅಂತೀರಾ? ದೆಹಲಿ ಪೊಲೀಸ್ ಇರೋದು ಕೇಂದ್ರ ಗೃಹ ಸಚಿವಾಲಯದ ಕೆಳಗೆ, ದೆಹಲಿ ಸರ್ಕಾರದ ಕೈಯಲ್ಲಿಲ್ಲ. ಹಾಗಾಗಿ ಠಾಣೆಯ ಕಡತ ಕೇಳಿ, ಅವರು ಕೊಡೋಲ್ಲ ಅಂದು, ಮೊದಲ ಮೇಲ್ಮನವಿಯಲ್ಲೂ ಸೋತರೆ ಆ ಜಗಳ ಕೊನೆಗೆ ಬಂದು ನಿಲ್ಲೋದು ಕೇಂದ್ರ ಆಯೋಗದ ಮುಂದೆ. ಠಾಣೆಯಿಂದ ಆಯೋಗಕ್ಕೆ ಆಟೋದಲ್ಲಿ ಹೋದರೆ ಸ್ವಲ್ಪ ಹೊತ್ತಿನ ದಾರಿ. ನಮ್ಮ ಅರ್ಜಿ ಅದೇ ದಾರಿ ಸವೆಸೋಕೆ ವರ್ಷ ಕಳೆದರೂ ಆಶ್ಚರ್ಯ ಇಲ್ಲ.

ಇವತ್ತು ನಾನು ಮಾತಾಡೋದು ಒಂದೇ ಪ್ರಶ್ನೆ ಬಗ್ಗೆ. ಒಬ್ಬ ಪೊಲೀಸ್ ತಪ್ಪು ಮಾಡಿದ ಅಂತ ದೂರು ಬಂತು. ಇಲಾಖೆ ವಿಚಾರಣೆ ಮಾಡಿತು, ಅಥವಾ ಮಾಡಲಿಲ್ಲ. ಶಿಕ್ಷೆ ಕೊಟ್ಟಿತು, ಅಥವಾ ಕೊಡಲಿಲ್ಲ. ಈ ಕಾಗದ ಯಾರದು? ಆ ಪೊಲೀಸಿನದಾ, ಇಲಾಖೆಯದಾ, ನಮ್ಮದಾ?

615 ಅರ್ಜಿಗಳ ಕಥೆ

ನಮ್ಮ ಪಕ್ಕದ ಗಾಜಿಯಾಬಾದ್‌ನಿಂದಲೇ ಶುರು ಮಾಡೋಣ. 1987ರ ಮೇ 22. ಮೀರತ್‌ನಲ್ಲಿ ಕೋಮುಗಲಭೆ ನಡೀತಿತ್ತು. ಉತ್ತರ ಪ್ರದೇಶದ ಸಶಸ್ತ್ರ ಪೊಲೀಸ್ ಪಡೆ, ಪಿಎಸಿ, ಅದರ 41ನೇ ಬೆಟಾಲಿಯನ್ನಿನವರು ಹಾಶಿಂಪುರಾ ಮೊಹಲ್ಲಾದಿಂದ ಮುಸ್ಲಿಂ ಗಂಡಸರನ್ನು ಟ್ರಕ್ಕಿಗೆ ಹತ್ತಿಸಿಕೊಂಡು ಹೋದರು. ಮುರಾದ್‌ನಗರದ ಗಂಗಾ ಕಾಲುವೆ ಹತ್ತಿರ, ಆಮೇಲೆ ಮಕನ್‌ಪುರದ ಹತ್ತಿರ ಇಳಿಸಿ ಗುಂಡು ಹೊಡೆದು ನೀರಿಗೆ ಎಸೆದರು. ಸತ್ತವರು ಸುಮಾರು 40 ಮಂದಿ. ಗುಂಡು ತಗುಲಿಯೂ ಸತ್ತಂತೆ ನಟಿಸಿ ಬದುಕಿದ ಕೆಲವರಿಂದ ಈ ವಿಷಯ ಹೊರಗೆ ಬಂತು. ಆಗ ಗಾಜಿಯಾಬಾದ್‌ನ ಪೊಲೀಸ್ ವರಿಷ್ಠರಾಗಿದ್ದ ವಿಭೂತಿ ನಾರಾಯಣ ರಾಯ್ ಕೇಸು ದಾಖಲಿಸಿದರು. ಪೊಲೀಸರ ಮೇಲೆ ಪೊಲೀಸರೇ ದಾಖಲಿಸಿದ ಕೇಸು ಅದು, ನೆನಪಿರಲಿ.

ಕೇಸು ಕುಂಟುತ್ತಾ ಸಾಗಿತು. 2002ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೆಹಲಿಗೆ ವರ್ಗಾಯಿಸಿತು. ಇನ್ನೂ ತೀರ್ಪಿಲ್ಲ. 2005ರ ಅಕ್ಟೋಬರ್ 12ರಂದು ಮಾಹಿತಿ ಹಕ್ಕು ಕಾಯ್ದೆ ಜಾರಿಗೆ ಬಂತು. 2007ರ ಮೇ 24ರಂದು, ಅಂದರೆ ಘಟನೆ ಆಗಿ 20 ವರ್ಷ ತುಂಬಿದ ಎರಡನೇ ದಿನ, ಬದುಕುಳಿದವರು ಮತ್ತು ಸತ್ತವರ ಮನೆಯವರು ಲಖನೌಗೆ ಹೋದರು. ಪೊಲೀಸ್ ಮಹಾನಿರ್ದೇಶಕರ ಕಚೇರಿಯಲ್ಲಿ 615 ಆರ್‌ಟಿಐ ಅರ್ಜಿ ಕೊಟ್ಟರು. ಅವರು ಕೇಳಿದ್ದನ್ನು ನಮ್ಮ ಭಾಷೆಯಲ್ಲಿ ಹೇಳೋದಾದರೆ ಇಷ್ಟೇ: ಆರೋಪಿಗಳ ಮೇಲೆ ಇಲಾಖೆ ಏನು ಕ್ರಮ ತಗೊಂಡಿದೆ?

ಆ ವರ್ಷ ಸೆಪ್ಟೆಂಬರ್ ಹೊತ್ತಿಗೆ ಉತ್ತರ ಗೊತ್ತಾಯ್ತು. ಆರೋಪಿಗಳೆಲ್ಲ ಕೆಲಸದಲ್ಲೇ ಇದ್ದರು. ಅವರ ವಾರ್ಷಿಕ ಗೋಪ್ಯ ವರದಿಯಲ್ಲಿ, ಎಸಿಆರ್ ಅಂತೀವಲ್ಲ, ಅದರಲ್ಲಿ ಹಾಶಿಂಪುರಾದ ಪ್ರಸ್ತಾಪವೇ ಇರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲೋಣ. ಆ ಕುಟುಂಬಗಳಿಗೆ ಸಿಕ್ಕಿದ್ದು ರಹಸ್ಯ ಕಡತವೇನಲ್ಲ. ಸಿಕ್ಕಿದ್ದು ಒಂದು ಖಾಲಿ ಜಾಗ. ಸುಮಾರು 40 ಜನರ ಕೊಲೆಯ ಆರೋಪ ಹೊತ್ತವರ ಸೇವಾ ದಾಖಲೆಯಲ್ಲಿ ಆ ಕಾಲಂ ಖಾಲಿ. ಆರೋಪಪಟ್ಟಿಗಿಂತ ಆ ಖಾಲಿ ಕಾಲಂ ಹೆಚ್ಚು ಹೇಳುತ್ತೆ. ಒಬ್ಬ ಪೊಲೀಸ್ ಏನು ಮಾಡಿದ ಅನ್ನೋದನ್ನು ಕೋರ್ಟು ತೀರ್ಮಾನ ಮಾಡಲಿ. ಗೊತ್ತಾದ ಮೇಲೆ ಇಲಾಖೆ ಏನು ಮಾಡಿತು ಅನ್ನೋದು ಮಾತ್ರ ಕಡತದಿಂದಲೇ ಗೊತ್ತಾಗಬೇಕು. ಇವತ್ತು ನೀವು ಒಂದೇ ಮಾತು ನೆನಪಿಟ್ಟುಕೊಂಡು ಹೋಗೋದಾದರೆ ಇದನ್ನ ಇಟ್ಟುಕೊಳ್ಳಿ.

ಮುಂದಿನದನ್ನೂ ಹೇಳಿಬಿಡ್ತೀನಿ. 2015ರ ಮಾರ್ಚ್‌ನಲ್ಲಿ ದೆಹಲಿಯ ವಿಚಾರಣಾ ನ್ಯಾಯಾಲಯ ಉಳಿದಿದ್ದ 16 ಆರೋಪಿಗಳನ್ನೂ ಬಿಡುಗಡೆ ಮಾಡಿತು. ಕೊಲೆ ಆಗಿದೆ, ಆದರೆ ಮಾಡಿದವರು ಇವರೇ ಅಂತ ಗುರುತು ಸಾಬೀತಾಗಿಲ್ಲ ಅನ್ನೋದು ಕಾರಣ. ಮೇಲ್ಮನವಿ ದೆಹಲಿ ಹೈಕೋರ್ಟಿಗೆ ಬಂದಾಗ ಹೆಚ್ಚುವರಿ ಸಾಕ್ಷ್ಯ ದಾಖಲಾಯ್ತು. ಏನದು? ಆ ಕಾಲದ ಪೊಲೀಸ್ ಡೈರಿ. ಯಾರ್ಯಾರು ಆವತ್ತು ಡ್ಯೂಟಿ ಮೇಲೆ ಹೊರಗೆ ಹೋದರು ಅಂತ ಕೈಬರಹದಲ್ಲಿ ಬರೆದಿಟ್ಟಿದ್ದ ದಿನಚರಿ. 2018ರ ಅಕ್ಟೋಬರ್ 31ರಂದು ನ್ಯಾಯಮೂರ್ತಿ ಎಸ್. ಮುರಳೀಧರ್ ಮತ್ತು ವಿನೋದ್ ಗೋಯಲ್ ಅವರ ಪೀಠ 16 ಮಂದಿಗೂ ಜೀವಾವಧಿ ಶಿಕ್ಷೆ ಕೊಟ್ಟಿತು. 31 ವರ್ಷ ಆದ ಮೇಲೆ ಕೇಸಿನ ದಿಕ್ಕು ಬದಲಾಗೋಕೆ ಪೊಲೀಸರೇ ಬರೆದ ಪುಸ್ತಕ ಬೇಕಾಯ್ತು.

ಕಡತಕ್ಕೆ ಯಾಕಿಷ್ಟು ಒದ್ದಾಡಬೇಕು ಅಂತ ಯಾರಾದರೂ ಕೇಳಿದರೆ ಇದನ್ನ ಹೇಳಿ.

ಸಂಬಳ ಬಹಿರಂಗ, ಶಿಕ್ಷೆ ಗುಟ್ಟು

ಈಗ ಕಾನೂನಿಗೆ ಬರೋಣ. ಭಯ ಬೇಡ, ಮೂರ್ನಾಲ್ಕು ಕಲಂ ಗೊತ್ತಿದ್ದರೆ ಸಾಕು.

ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಪ್ರಕಾರ ಯಾರೂ ಕೇಳದೆ ಇದ್ದರೂ ಇಲಾಖೆ ತಾನಾಗಿ ಪ್ರಕಟ ಮಾಡಬೇಕಾದ ಒಂದು ಪಟ್ಟಿ ಇದೆ. ಅದರಲ್ಲಿ ಪ್ರತಿ ಅಧಿಕಾರಿ, ನೌಕರರ ತಿಂಗಳ ಸಂಬಳವೂ ಸೇರಿದೆ. ಅಂದರೆ ನಮ್ಮ ಠಾಣೆಯ ಇನ್ಸ್‌ಪೆಕ್ಟರ್ ಸಾಹೇಬರ ಸಂಬಳ ಎಷ್ಟು ಅಂತ ನಾವು ತಿಳ್ಕೋಬಹುದು. ಅದು ಸಾರ್ವಜನಿಕ. ಆದರೆ ಅದೇ ಸಾಹೇಬರು ಯಾರನ್ನೋ ಹೊಡೆದದ್ದಕ್ಕೆ ಇಲಾಖೆ ಅವರ ಇನ್‌ಕ್ರಿಮೆಂಟ್ ತಡೆಹಿಡಿದಿದೆಯಾ ಅಂತ ಕೇಳಿದರೆ "ಅದು ಅವರ ವೈಯಕ್ತಿಕ ಮಾಹಿತಿ" ಅಂತ ಉತ್ತರ ಬರುತ್ತೆ. ಕೊಡೋ ದುಡ್ಡು ಬಹಿರಂಗ, ಕಡಿತ ಮಾಡಿದ ಕಾರಣ ಗುಟ್ಟು!

ಇದು ಹೇಗಾಯ್ತು? 8(1)(ಜೆ) ಅನ್ನೋ ಕಲಂನಿಂದ. ಮೂಲ ಕಾಯ್ದೆಯಲ್ಲಿ ಈ ಕಲಂ ಹೇಳಿದ್ದು ಇಷ್ಟು: ವೈಯಕ್ತಿಕ ಮಾಹಿತಿಗೆ ಸಾರ್ವಜನಿಕ ಕೆಲಸದ ಜತೆ ಸಂಬಂಧ ಇಲ್ಲದಿದ್ದರೆ, ಅಥವಾ ಅದನ್ನ ಕೊಟ್ಟರೆ ಒಬ್ಬರ ಖಾಸಗಿತನದ ಮೇಲೆ ಅನಗತ್ಯ ದಾಳಿ ಆಗುವಂತಿದ್ದರೆ ಕೊಡಬೇಕಿಲ್ಲ. ದೊಡ್ಡ ಸಾರ್ವಜನಿಕ ಹಿತ ಇದ್ದರೆ ಆಗಲೂ ಕೊಡಬೇಕು. ಜತೆಗೆ ಒಂದು ಚೆಂದದ ಮಾತಿತ್ತು: ಸಂಸತ್ತಿಗೆ ಅಥವಾ ಶಾಸನಸಭೆಗೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸುವಂತಿಲ್ಲ. ನಿಮ್ಮನ್ನೂ ನನ್ನನ್ನೂ ಎಂಪಿ ಪಕ್ಕದಲ್ಲಿ ಕೂರಿಸಿದ ಸಾಲು ಅದು.

ಆ ಕಲಂಗೆ ಮೊದಲ ಪೆಟ್ಟು ಬಿದ್ದದ್ದು 2012ರ ಅಕ್ಟೋಬರ್ 3ರಂದು, ಗಿರೀಶ್ ರಾಮಚಂದ್ರ ದೇಶಪಾಂಡೆ ಪ್ರಕರಣದಲ್ಲಿ. ಅದು ಪೊಲೀಸ್ ಕೇಸಲ್ಲ. ಭವಿಷ್ಯನಿಧಿ ಕಚೇರಿಯ ಅಧಿಕಾರಿಯೊಬ್ಬರಿಗೆ ಕೊಟ್ಟ ಮೆಮೊ, ಶೋಕಾಸ್ ನೋಟಿಸು, ಶಿಕ್ಷೆಯ ಆದೇಶಗಳ ಪ್ರತಿ ಬೇಕು ಅಂತ ಅರ್ಜಿದಾರರು ಕೇಳಿದ್ದರು. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ, ನೌಕರನ ಕಾರ್ಯನಿರ್ವಹಣೆ ಮುಖ್ಯವಾಗಿ ನೌಕರ ಮತ್ತು ಮಾಲೀಕರ ನಡುವಿನ ವಿಷಯ, ಹಾಗಾಗಿ ಇದೆಲ್ಲ ವೈಯಕ್ತಿಕ ಮಾಹಿತಿ ಅಂತ ಹೇಳಿತು. ದೊಡ್ಡ ಸಾರ್ವಜನಿಕ ಹಿತ ಇದೆ ಅಂತ ತೋರಿಸಿದರೆ ಕೊಡಬಹುದು ಅಂತಲೂ ಹೇಳಿತು. ಆದರೆ ಕಚೇರಿಗಳು ಮೊದಲ ಅರ್ಧ ಹಿಡ್ಕೊಂಡವು, ಎರಡನೇ ಅರ್ಧ ಮರೆತವು. 2019ರ ನವೆಂಬರ್‌ನಲ್ಲಿ ಸುಭಾಷ್ ಚಂದ್ರ ಅಗರ್ವಾಲ್ ಪ್ರಕರಣದ ತೀರ್ಪು ಕೊಟ್ಟ ಐವರ ಸಂವಿಧಾನ ಪೀಠವೂ ಶಿಸ್ತುಕ್ರಮದ ದಾಖಲೆಗಳನ್ನು ವೈಯಕ್ತಿಕ ಮಾಹಿತಿಯ ಪಟ್ಟಿಗೆ ಸೇರಿಸಿತು. ಸಾರ್ವಜನಿಕ ಹಿತದ ತಕ್ಕಡಿಯನ್ನು ಮಾತ್ರ ಉಳಿಸಿತು.

ನನ್ನ ತಕರಾರು ಇರೋದು ಇಲ್ಲಿ. ನೌಕರ ಮತ್ತು ಮಾಲೀಕ ಅಂದರಲ್ಲ, ಪೊಲೀಸಿನ ಮಾಲೀಕ ಯಾರು? ಒಬ್ಬ ಗುಮಾಸ್ತ ತಡವಾಗಿ ಕಚೇರಿಗೆ ಬಂದದ್ದಕ್ಕೆ ಮೆಮೊ ಕೊಟ್ಟರೆ ಅದು ಅವರಿಬ್ಬರ ನಡುವಿನದು, ಒಪ್ಪೋಣ. ಪೊಲೀಸಿಗೆ ನಾವು ಲಾಠಿ ಕೊಟ್ಟಿದ್ದೀವಿ, ಬಂಧಿಸೋ ಅಧಿಕಾರ ಕೊಟ್ಟಿದ್ದೀವಿ. ಆ ಅಧಿಕಾರದ ದುರುಪಯೋಗ ಆಗಿದೆ ಅಂತ ಇಲಾಖೆಯೇ ವಿಚಾರಣೆ ಮಾಡಿ ತೀರ್ಮಾನಿಸಿದ ಮೇಲೆ ಅದು ಅವನ ಖಾಸಗಿ ಬದುಕು ಹೇಗಾಗುತ್ತೆ? ಮನೆ ವಿಳಾಸ ಖಾಸಗಿ. ಹೆಂಡತಿ ಮಕ್ಕಳ ವಿವರ ಖಾಸಗಿ. ಆಸ್ಪತ್ರೆ ಚೀಟಿ ಖಾಸಗಿ. ಸಮವಸ್ತ್ರ ಹಾಕ್ಕೊಂಡು, ಠಾಣೆ ಒಳಗೆ, ಇನ್ನೊಬ್ಬರ ಮೈಮೇಲೆ ಮಾಡಿದ್ದು ಖಾಸಗಿ ಅಲ್ಲ.

ಎರಡನೇ ಪೆಟ್ಟು ಇತ್ತೀಚಿನದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 44(3)ನೇ ಕಲಂ ಈ 8(1)(ಜೆ)ಯನ್ನೇ ಬದಲಿಸಿತು. 2025ರ ನವೆಂಬರ್‌ನಲ್ಲಿ ಅದು ಜಾರಿಗೆ ಬಂತು. ಈಗ ಅಲ್ಲಿ ಉಳಿದಿರೋದು ಬರೀ ಒಂದು ತುಂಡು: ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಮಾಹಿತಿ. ಸಾರ್ವಜನಿಕ ಕೆಲಸದ ಸಂಬಂಧ ಅನ್ನೋ ಮಾತು ಹೋಯ್ತು, ಅನಗತ್ಯ ದಾಳಿ ಅನ್ನೋ ಅಳತೆ ಹೋಯ್ತು, ಸಂಸತ್ತಿನ ಸಾಲೂ ಹೋಯ್ತು.

ಉಳಿದಿರೋ ಬಾಗಿಲು 8(2). ಬಚ್ಚಿಡೋದರಿಂದ ಉಳಿಯೋ ಹಿತಕ್ಕಿಂತ ಬಹಿರಂಗ ಮಾಡೋ ಸಾರ್ವಜನಿಕ ಹಿತ ದೊಡ್ಡದಾದರೆ, ಯಾವ ವಿನಾಯಿತಿ ಇದ್ದರೂ ಮಾಹಿತಿ ಕೊಡಬಹುದು ಅನ್ನುತ್ತೆ ಆ ಕಲಂ. ಕೊಡಬಹುದು ಅಂತ ಇದೆ. ಹಾಗಾಗಿ ನಿಮ್ಮ ಅರ್ಜಿಯಲ್ಲೇ "8(2)ರ ಪ್ರಕಾರ ಪರಿಗಣಿಸಿ, ಕೊಡದಿದ್ದರೆ ಕಾರಣ ಬರೆಯಿರಿ" ಅಂತ ಒಂದು ಸಾಲು ಸೇರಿಸಿ. ಆ ಸಾಲಿಲ್ಲದಿದ್ದರೆ ಅವರು ತಕ್ಕಡಿ ಮುಟ್ಟೋದೇ ಇಲ್ಲ.

"ತನಿಖೆ ನಡೀತಿದೆ" ಅನ್ನೋ ಉತ್ತರ

ಪೊಲೀಸ್ ಇಲಾಖೆಯಿಂದ ಬರೋ ಇನ್ನೊಂದು ಉತ್ತರ ನಿಮಗೆ ಗೊತ್ತೇ ಇದೆ: ತನಿಖೆ ನಡೀತಿದೆ, ಕೊಡೋಕಾಗಲ್ಲ. ಇದು 8(1)(ಎಚ್). ತನಿಖೆಗೆ ಅಡ್ಡಿಯಾಗೋ ಮಾಹಿತಿ ಕೊಡಬೇಕಿಲ್ಲ ಅಂತ ಅದು ಹೇಳುತ್ತೆ.

ಇದಕ್ಕೆ ಒಳ್ಳೆಯ ಉತ್ತರ 2007ರ ಡಿಸೆಂಬರ್‌ನಲ್ಲೇ ಸಿಕ್ಕಿದೆ, ಭಗತ್ ಸಿಂಗ್ ಪ್ರಕರಣದಲ್ಲಿ. ತೀರ್ಪು ಬರೆದವರು ಆಗ ದೆಹಲಿ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್. ಹುಟ್ಟಿದ್ದು ನಮ್ಮ ಮೈಸೂರಲ್ಲಿ, ಆಮೇಲೆ ಸುಪ್ರೀಂ ಕೋರ್ಟಿಗೂ ಹೋದರು. ಅವರು ಹೇಳಿದ್ದರ ಸಾರ ಇದು: ತನಿಖೆ ನಡೀತಿದೆ ಅನ್ನೋದೊಂದೇ ಕಾರಣ ಸಾಲದು. ಈ ಕಾಗದ ಕೊಟ್ಟರೆ ತನಿಖೆಗೆ ಹೇಗೆ ಅಡ್ಡಿ ಆಗುತ್ತೆ ಅಂತ ಇಲಾಖೆ ತೋರಿಸಬೇಕು. ಮಾಹಿತಿ ಕೊಡೋದು ನಿಯಮ, ಕೊಡದಿರೋದು ಅಪವಾದ. ಮೊದಲ ಮೇಲ್ಮನವಿಯಲ್ಲಿ ಈ ತೀರ್ಪಿನ ಹೆಸರು ಬರೆದರೆ ಎದುರಿಗಿರೋರು ಎರಡನೇ ಸಲ ಓದ್ತಾರೆ.

ಇನ್ನೊಂದು ಕಲಂ ತುಂಬ ಜನ ಗಮನಿಸೋದಿಲ್ಲ, 8(3). ಅರ್ಜಿ ಹಾಕೋ ದಿನಕ್ಕೆ 20 ವರ್ಷ ಹಿಂದೆ ನಡೆದ ಘಟನೆಯ ಮಾಹಿತಿಗೆ ಹೆಚ್ಚಿನ ವಿನಾಯಿತಿಗಳು ಅನ್ವಯ ಆಗೋದಿಲ್ಲ. ದೇಶದ ಭದ್ರತೆ, ಶಾಸನಸಭೆಯ ಹಕ್ಕುಚ್ಯುತಿ, ಸಂಪುಟದ ಕಾಗದ, ಈ ಮೂರು ಮಾತ್ರ ಉಳಿಯುತ್ತವೆ. ವೈಯಕ್ತಿಕ ಅನ್ನೋ ನೆಪವೂ ತನಿಖೆ ಅನ್ನೋ ನೆಪವೂ ಅಲ್ಲಿಗೆ ಮುಗೀತು. ಇವತ್ತು ಯಾರಾದರೂ ಹಾಶಿಂಪುರಾದಂಥ ಅರ್ಜಿ ಹಾಕಬೇಕಾದರೆ ಅವರಿಗೆ ಗಟ್ಟಿಯಾಗಿ ಉಳಿದಿರೋ ದಾರಿ ಇದು. ಆದರೆ ಯೋಚನೆ ಮಾಡಿ, ಮಗನನ್ನ ಕಳಕೊಂಡ ತಾಯಿಗೆ 20 ವರ್ಷ ಕಾಯಿರಿ ಅಂತ ಯಾವ ಬಾಯಿಂದ ಹೇಳೋದು?

ಅಮಾನತು ಶಿಕ್ಷೆಯಲ್ಲ

ಊರಿನ ಕಡೆ ಬರೋಣ. 2021ರ ಮೇ ತಿಂಗಳು, ಚಿಕ್ಕಮಗಳೂರು ಜಿಲ್ಲೆಯ ಗೋಣಿಬೀಡು ಠಾಣೆ. ದಲಿತ ಯುವಕನೊಬ್ಬನನ್ನು ಠಾಣೆಗೆ ಕರ್ಕೊಂಡು ಹೋಗಿ ಹೊಡೆದು ಮೂತ್ರ ಕುಡಿಸಿದರು ಅನ್ನೋ ಆರೋಪ ನಿಮಗೆಲ್ಲ ನೆನಪಿರಬಹುದು. ಪತ್ರಿಕೆ, ಟಿವಿಯಲ್ಲಿ ದೊಡ್ಡ ಸುದ್ದಿ ಆಯ್ತು. ಸಬ್ ಇನ್ಸ್‌ಪೆಕ್ಟರ್ ಅಮಾನತು ಆದರು, ತನಿಖೆ ಸಿಐಡಿಗೆ ಹೋಯ್ತು, ಸೆಪ್ಟೆಂಬರ್‌ನಲ್ಲಿ ಬಂಧನವೂ ಆಯ್ತು.

ಇಂಥ ಸುದ್ದಿ ಓದುವಾಗ ನಾವು "ಅಮಾನತು" ಅನ್ನೋ ಪದ ನೋಡಿ ಸಮಾಧಾನ ಪಟ್ಕೋತೀವಿ. ನಿಯಮದ ಪ್ರಕಾರ ಅಮಾನತು ಶಿಕ್ಷೆಯೇ ಅಲ್ಲ. ವಿಚಾರಣೆ ಮುಗಿಯೋವರೆಗೆ ಪಕ್ಕಕ್ಕೆ ಕೂರಿಸೋದು ಅಷ್ಟೇ, ಆಗಲೂ ಜೀವನಾಧಾರ ಭತ್ಯೆ ಸಿಗುತ್ತೆ. ಶಿಕ್ಷೆಗಳ ಪಟ್ಟಿ ಬೇರೆ ಇದೆ. ದೆಹಲಿ ಪೊಲೀಸ್ ಕಾಯ್ದೆ 1978ರ 21ನೇ ಕಲಂ ನೋಡಿ: ವಜಾ, ಸೇವೆಯಿಂದ ತೆಗೆಯೋದು, ಹುದ್ದೆ ಇಳಿಸೋದು, ಇನ್‌ಕ್ರಿಮೆಂಟ್ ತಡೆ, ದಂಡ, ಕೊನೆಗೆ ಬರೀ ವಾಗ್ದಂಡನೆ. ಕರ್ನಾಟಕದಲ್ಲಿ 1965ರ ರಾಜ್ಯ ಪೊಲೀಸ್ ಶಿಸ್ತುಕ್ರಮ ನಿಯಮಗಳಿವೆ.

ಅಮಾನತು ಆದ ದಿನ ಪತ್ರಿಕೆಯಲ್ಲಿ ಬರುತ್ತೆ. ಅಮಾನತು ರದ್ದಾದ ದಿನ ಬರುತ್ತಾ? ಇಲಾಖಾ ವಿಚಾರಣೆಯ ಫಲ ಬರುತ್ತಾ? ಹೆಚ್ಚಿನ ಸಲ ಬರೋದಿಲ್ಲ. ಆಮೇಲೆ ಅದೇ ಅಧಿಕಾರಿ ಇನ್ನೊಂದು ಊರಿನ ಠಾಣೆಗೆ ಬಂದು ಕೂತರೆ ಅಲ್ಲಿನ ಜನಕ್ಕೆ ಹಿಂದಿನದು ಏನೂ ಗೊತ್ತಿರಲ್ಲ. ಒಂದು ದೂರನ್ನ ಮಾತ್ರ ನೋಡಿದರೆ ಅದು ಘಟನೆ. ಒಬ್ಬನ ಮೇಲೆ ಬಂದ ಎಲ್ಲ ದೂರನ್ನೂ ಸಾಲಾಗಿ ಇಟ್ಟು ನೋಡಿದರೆ ಅದು ಅಭ್ಯಾಸ. ಕಡತ ಬಚ್ಚಿಟ್ಟಾಗ ನಮಗೆ ಕಾಣದೆ ಹೋಗೋದು ಆ ಅಭ್ಯಾಸ.

ಅಮೆರಿಕದಲ್ಲೂ ಇದೇ ಜಗಳ ನಡೆದಿದೆ. ನ್ಯೂಯಾರ್ಕ್‌ನಲ್ಲಿ 1976ರಿಂದ 50-ಎ ಅನ್ನೋ ಕಲಂ ಪೊಲೀಸರ ಶಿಸ್ತಿನ ದಾಖಲೆಗೆ ಬೀಗ ಹಾಕಿತ್ತು. ಜಾರ್ಜ್ ಫ್ಲಾಯ್ಡ್ ಸಾವಿನ ನಂತರ, 2020ರ ಜೂನ್‌ನಲ್ಲಿ ಅದನ್ನ ರದ್ದು ಮಾಡಿದರು. ಷಿಕಾಗೋದಲ್ಲಿ 2014ರಲ್ಲಿ, ಪೊಲೀಸರ ಮೇಲಿನ ದೂರುಗಳ ಕಡತ ಸಾರ್ವಜನಿಕ ದಾಖಲೆ ಅಂತ ಮೇಲ್ಮನವಿ ನ್ಯಾಯಾಲಯ ಹೇಳಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಲ್ಲಿ 17 ವರ್ಷದ ಹುಡುಗ ಲಕ್ವಾನ್ ಮ್ಯಾಕ್‌ಡೊನಾಲ್ಡ್‌ಗೆ ಪೊಲೀಸನೊಬ್ಬ 16 ಗುಂಡು ಹೊಡೆದ. ಹುಡುಗ ಮೈಮೇಲೆ ಬಂದ ಅಂತ ಪೊಲೀಸರ ಕಥೆ. ಒಬ್ಬ ಪತ್ರಕರ್ತ ಮಾಹಿತಿ ಕಾಯ್ದೆಯಡಿ ದಾವೆ ಹೂಡಿದ ಮೇಲೆ, ಒಂದು ವರ್ಷ ಕಳೆದು, ಕಾರಿನ ಕ್ಯಾಮೆರಾದ ವಿಡಿಯೋ ಹೊರಗೆ ಬಂತು. ಹುಡುಗ ದೂರ ಸರೀತಿದ್ದದ್ದು ಜಗತ್ತಿಗೇ ಕಾಣಿಸಿತು. 2018ರಲ್ಲಿ ಆ ಪೊಲೀಸ್ ತಪ್ಪಿತಸ್ಥ ಅಂತ ತೀರ್ಮಾನ ಆಯ್ತು.

ನಾವು ಏನು ಕೇಳಬೇಕು

ಈಗ ಕೆಲಸದ ಮಾತು. ಪೆನ್ನು ಇದ್ದರೆ ಬರ್ಕೊಳ್ಳಿ.

ಒಂದು. ಹೆಸರು ಹಿಡಿದು ಕೇಳಬೇಡಿ, ಕೆಲಸ ಹಿಡಿದು ಕೇಳಿ. "ಇಂಥ ಇನ್ಸ್‌ಪೆಕ್ಟರ್ ಅವರ ಶಿಸ್ತುಕ್ರಮದ ದಾಖಲೆ ಕೊಡಿ" ಅಂದರೆ ಮೊದಲ ದಿನವೇ ಜೆ ಕಲಂ ತೋರಿಸ್ತಾರೆ. ಅದರ ಬದಲು, "ಇಂಥ ದಿನಾಂಕದ, ಇಂಥ ಡೈರಿ ನಂಬರಿನ ದೂರಿನ ಮೇಲೆ ದಿನವಾರು ಏನು ಕ್ರಮ ಆಯ್ತು, ಯಾವ ಹುದ್ದೆಯ ಅಧಿಕಾರಿ ವಿಚಾರಣೆ ಮಾಡಿದರು, ವರದಿ ಯಾವತ್ತು ಸಲ್ಲಿಕೆ ಆಯ್ತು, ಕಡತದ ಟಿಪ್ಪಣಿಗಳ ಪ್ರತಿ" ಅಂತ ಕೇಳಿ. ದೂರು ಕೊಟ್ಟವರು ನೀವೇ ಆಗಿದ್ದರೆ ಇನ್ನೂ ಒಳ್ಳೆಯದು. 4(1)(ಡಿ) ಪ್ರಕಾರ, ತನ್ನ ತೀರ್ಮಾನದಿಂದ ಬಾಧಿತರಾದವರಿಗೆ ಕಾರಣ ತಿಳಿಸೋದು ಇಲಾಖೆಯ ಕರ್ತವ್ಯ.

ಎರಡು. ಅಂಕಿಸಂಖ್ಯೆ ಕೇಳಿ. ಈ ಜಿಲ್ಲೆಯಲ್ಲಿ ವರ್ಷವಾರು ಸಿಬ್ಬಂದಿ ಮೇಲೆ ಬಂದ ದೂರು ಎಷ್ಟು, ಇಲಾಖಾ ವಿಚಾರಣೆ ಎಷ್ಟು, ಅಮಾನತು ಎಷ್ಟು, ಅಮಾನತು ರದ್ದು ಎಷ್ಟು, ಯಾವ ಶಿಕ್ಷೆ ಎಷ್ಟು. ಸಂಖ್ಯೆಗೆ ಖಾಸಗಿತನ ಇಲ್ಲ. ಉತ್ತರದಲ್ಲಿ "ಸೊನ್ನೆ" ಅಂತ ಬಂದರೆ ಬೇಜಾರಾಗಬೇಡಿ. ಹಾಶಿಂಪುರಾ ನೆನಪಿಸಿಕೊಳ್ಳಿ, ಸೊನ್ನೆಯೂ ಉತ್ತರವೇ. "ಅಂಥ ಲೆಕ್ಕ ಇಟ್ಟಿಲ್ಲ" ಅಂದರೆ ಅದೂ ಉತ್ತರ.

ಮೂರು. ಸ್ಟೇಷನ್ ಡೈರಿ ಮತ್ತು ಕೇಸ್ ಡೈರಿ ವ್ಯತ್ಯಾಸ ತಿಳ್ಕೊಳ್ಳಿ. ಕೇಸ್ ಡೈರಿ ತನಿಖಾಧಿಕಾರಿ ಬರೆಯೋದು, ಅದು ಕೋರ್ಟಿಗೆ ಮೀಸಲು, ಕೇಳಿದರೆ ಸಿಗೋದು ಕಷ್ಟ. ಸ್ಟೇಷನ್ ಡೈರಿ ಠಾಣೆಯ ದಿನಚರಿ, ಇಲ್ಲಿ ರೋಜ್ನಾಮ್ಚಾ ಅಂತಾರೆ. ಯಾರು ಎಷ್ಟು ಗಂಟೆಗೆ ಹೊರಟರು, ಯಾರನ್ನ ಕರ್ಕೊಂಡು ಬಂದರು ಅನ್ನೋದು ಅದರಲ್ಲಿ ಇರಬೇಕು. ನಿಮಗೆ ಬೇಕಾದ ದಿನದ, ಬೇಕಾದ ಗಂಟೆಯ ನಮೂದು ಮಾತ್ರ ಕೇಳಿ. ಬೇರೆಯವರ ಹೆಸರಿದ್ದರೆ 10ನೇ ಕಲಂ ಪ್ರಕಾರ ಅದನ್ನ ಮುಚ್ಚಿ ಉಳಿದದ್ದು ಕೊಡಿ ಅಂತ ನೀವೇ ಬರೆಯಿರಿ.

ನಾಲ್ಕು. ಸಿಸಿಟಿವಿ. ಇದರಲ್ಲಿ ತಡ ಮಾಡಲೇಬಾರದು. 2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಠಾಣೆಯಲ್ಲೂ ಕ್ಯಾಮೆರಾ ಇರಬೇಕು, ದೃಶ್ಯವನ್ನು 18 ತಿಂಗಳು ಉಳಿಸಬೇಕು, ಅಂಥ ಉಪಕರಣ ಸಿಗದಿದ್ದರೂ ಒಂದು ವರ್ಷಕ್ಕೆ ಕಮ್ಮಿ ಆಗಬಾರದು ಅಂತ ಆದೇಶ ಮಾಡಿದೆ. ನೆಲದ ಮೇಲೆ ಪರಿಸ್ಥಿತಿ ಹೇಗಿದೆ ಅಂದರೆ, 2025ರ ಸೆಪ್ಟೆಂಬರ್‌ನಲ್ಲಿ ಅದೇ ಕೋರ್ಟು ಪತ್ರಿಕಾ ವರದಿ ಓದಿ, ಠಾಣೆಗಳಲ್ಲಿ ಕೆಲಸ ಮಾಡೋ ಕ್ಯಾಮೆರಾ ಇಲ್ಲ ಅನ್ನೋ ವಿಷಯವನ್ನು ತಾನಾಗಿ ಕೈಗೆತ್ತಿಕೊಳ್ಳಬೇಕಾಯ್ತು. ಆರ್‌ಟಿಐ ಉತ್ತರಕ್ಕೆ 30 ದಿನ, ಮೇಲ್ಮನವಿಗೆ ಇನ್ನೊಂದು ತಿಂಗಳು. ಅಷ್ಟರಲ್ಲಿ ದೃಶ್ಯ ಅಳಿಸಿಹೋಗಿದೆ ಅಂತಾರೆ. ಅದಕ್ಕೇ ಘಟನೆ ಆದ ದಿನವೇ, ತಡವಾದರೆ ಮಾರನೇ ದಿನ, "ಇಷ್ಟರಿಂದ ಇಷ್ಟು ಗಂಟೆಯ ದೃಶ್ಯವನ್ನು ಅಳಿಸದೆ ಕಾದಿರಿಸಿ" ಅಂತ ಪ್ರತ್ಯೇಕ ಪತ್ರ ಕೊಟ್ಟು ಸ್ವೀಕೃತಿ ತಗೊಳ್ಳಿ. ಮಾನವ ಹಕ್ಕು ಆಯೋಗಕ್ಕೂ ಒಂದು ಪ್ರತಿ ಕಳಿಸಿ. ಆಮೇಲೆ ಆರ್‌ಟಿಐ.

ಐದು. ಯಾರನ್ನಾದರೂ ಹಿಡ್ಕೊಂಡು ಹೋಗಿ ಎಲ್ಲಿದ್ದಾರೆ ಅಂತ ಹೇಳ್ತಿಲ್ಲ ಅಂದರೆ, ಅರ್ಜಿಯ ತಲೆಯಲ್ಲೇ "ಜೀವ ಮತ್ತು ಸ್ವಾತಂತ್ರ್ಯದ ವಿಷಯ, 7(1)ರಡಿ 48 ಗಂಟೆಯಲ್ಲಿ ಉತ್ತರ" ಅಂತ ಬರೆಯಿರಿ. ಬಂಧಿತರ ವಿವರವನ್ನು ಠಾಣೆಯಲ್ಲಿ ಎದ್ದು ಕಾಣೋ ಹಾಗೆ ಹಾಕಬೇಕು ಅಂತ ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಂ ಹೇಳುತ್ತೆ. ಆರ್‌ಟಿಐ ಒಂದನ್ನೇ ನಂಬಿ ಕೂರಬೇಡಿ, ಅದೇ ಹೊತ್ತಿಗೆ ವಕೀಲರನ್ನೂ ನೋಡಿ.

ಫೀಜು 10 ರೂಪಾಯಿ. ಯಾಕೆ ಬೇಕು ಅಂತ ನೀವು ಹೇಳಬೇಕಿಲ್ಲ. ಕೇಂದ್ರದ ನಿಯಮದಲ್ಲಿ ಅರ್ಜಿ ಸಾಮಾನ್ಯವಾಗಿ 500 ಪದ ಮೀರಬಾರದು. ಕರ್ನಾಟಕದಲ್ಲಿ ಇನ್ನೂ ಬಿಗಿ: 150 ಪದ, ಒಂದೇ ವಿಷಯ. ಊರಿನ ಠಾಣೆ ಬಗ್ಗೆ ಇಲ್ಲಿಂದ ಅರ್ಜಿ ಹಾಕೋರು ಇದನ್ನ ಮರೀಬೇಡಿ, ಎರಡು ವಿಷಯ ಇದ್ದರೆ ಎರಡು ಅರ್ಜಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಹಿಡಿಸದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಆಯೋಗಕ್ಕೆ ಎರಡನೇ ಮೇಲ್ಮನವಿ. ಕಾರಣ ಇಲ್ಲದೆ ತಡ ಮಾಡಿದ ಮಾಹಿತಿ ಅಧಿಕಾರಿಗೆ ದಿನಕ್ಕೆ 250 ರೂಪಾಯಿ, ಹೆಚ್ಚೆಂದರೆ 25,000 ರೂಪಾಯಿ ದಂಡ.

ಪೊಲೀಸರ ಕಡೆಯ ಮಾತು

ಇನ್ನೊಂದು ಕಡೆಯ ಮಾತನ್ನೂ ಹೇಳದಿದ್ದರೆ ತಪ್ಪಾಗುತ್ತೆ. ಸುಳ್ಳು ದೂರು ಬರುತ್ತವೆ. ಕೇಸು ಹಾಕಿದ್ದಕ್ಕೆ ಸೇಡು ತೀರಿಸಿಕೊಳ್ಳೋಕೆ ಕಾನ್‌ಸ್ಟೇಬಲ್ ಮೇಲೆ ಅರ್ಜಿ ಗುಜರಾಯಿಸೋರು ಇದ್ದಾರೆ. ವಿಚಾರಣೆ ಮುಗಿಯೋ ಮುಂಚೆ ಹೆಸರು ಬೀದಿಗೆ ಬಂದರೆ ಆ ಮನುಷ್ಯನ ಮಕ್ಕಳು ಶಾಲೆಗೆ ಹೋಗೋದು ಕಷ್ಟ ಆಗುತ್ತೆ. ಇದು ನಿಜವಾದ ಚಿಂತೆ, ಇದನ್ನ ತಳ್ಳಿಹಾಕೋಕಾಗಲ್ಲ.

ಹಾಗಾಗಿ ನಾನು ಕೇಳೋದು ಇಷ್ಟು: ವಿಚಾರಣೆ ಮುಗಿದು, ಆರೋಪ ಸಾಬೀತು ಅಂತ ಇಲಾಖೆಯೇ ತೀರ್ಮಾನಿಸಿ ಶಿಕ್ಷೆ ಕೊಟ್ಟ ಆದೇಶ ಬಹಿರಂಗ ಆಗಲಿ. ಸಾವು, ಗುಂಡಿನೇಟು, ಲಾಕಪ್ಪಿನಲ್ಲಿ ಗಾಯ, ಇಂಥ ಪ್ರಕರಣಗಳಲ್ಲಿ ವಿಚಾರಣೆ ಯಾವ ಹಂತದಲ್ಲಿದೆ ಅನ್ನೋದೂ ಬಹಿರಂಗ ಆಗಲಿ. ದೂರುದಾರರ ಹೆಸರು, ಸಾಕ್ಷಿಗಳ ಹೆಸರು, ಅಧಿಕಾರಿಯ ಮನೆ ವಿವರ ಮುಚ್ಚಿಡಲಿ.

ಇದರಿಂದ ಒಳ್ಳೆಯ ಪೊಲೀಸರಿಗೂ ಲಾಭ ಇದೆ. ಕಡತ ಮುಚ್ಚಿದ್ದಾಗ, ಮೇಲಿನವರು ಮಾಡಿದ ತಪ್ಪಿಗೆ ಕಾನ್‌ಸ್ಟೇಬಲ್ ತಲೆದಂಡ ಆದರೂ ಯಾರಿಗೂ ಗೊತ್ತಾಗಲ್ಲ. ಹಾಶಿಂಪುರಾದಲ್ಲಿ ಶಿಕ್ಷೆ ಆದವರ ಪಟ್ಟಿ ನೋಡಿ, ಅದರಲ್ಲಿ ದೊಡ್ಡ ಅಧಿಕಾರಿ ಒಬ್ಬರೂ ಇಲ್ಲ.

ನನ್ನ ಮಾತು ಇಷ್ಟೇ. ಪ್ರಶ್ನೆ ಇದ್ದರೆ ಕೇಳಿ.

ಪ್ರಶ್ನೋತ್ತರ

ಸಭಿಕರು: ಸರ್, ಅರ್ಜಿ ಹಾಕಿದರೆ ನಮ್ಮ ಹೆಸರು, ವಿಳಾಸ ಅದೇ ಠಾಣೆಗೆ ಹೋಗುತ್ತಲ್ಲ? ಹೆದರಿಕೆ ಆಗಲ್ವಾ?

ಆಗುತ್ತಮ್ಮ, ಆಗೋದು ಸಹಜ. ಠಾಣೆಗೆ ಹೋಗಿ ಅರ್ಜಿ ಕೊಡಬೇಕಿಲ್ಲ, ಆನ್‌ಲೈನ್ ಪೋರ್ಟಲ್ ಇದೆ, ಅಂಚೆಯಲ್ಲೂ ಕಳಿಸಬಹುದು. ಸಂಪರ್ಕಕ್ಕೆ ಬೇಕಾದಷ್ಟು ವಿವರ ಸಾಕು ಅಂತ ಕಾಯ್ದೆಯೇ ಹೇಳುತ್ತೆ. ಇನ್ನೊಂದು ಉಪಾಯ ಹಾಶಿಂಪುರಾದವರದ್ದು: ಒಬ್ಬರೇ ಹಾಕಬೇಡಿ. 615 ಅರ್ಜಿ ಬಂದಾಗ ಯಾರ ಮನೆ ಬಾಗಿಲು ತಟ್ಟೋದು? ನಿಮ್ಮ ಪಾಕೆಟ್‌ನಲ್ಲಿ ಹತ್ತು ಮನೆಯವರು ಸೇರಿ ಹತ್ತು ಅರ್ಜಿ ಹಾಕಿ.

ಸಭಿಕರು: ನಾನು ಕೊಟ್ಟ ದೂರಿಗೆ ಎಫ್ಐಆರೇ ಮಾಡಿಲ್ಲ. ಊರಲ್ಲಿ ಆದರೆ ಒಂದು ಹಿಂಬರಹ ಆದರೂ ಕೊಡ್ತಿದ್ದರು.

ಹಿಂಬರಹ ಕೊಟ್ಟರೆ ಅದನ್ನ ಜೋಪಾನ ಮಾಡಿ, ಅದೂ ದಾಖಲೆಯೇ. ಇಲ್ಲಿ ಡಿಡಿ ನಂಬರ್ ಕೇಳಿ ತಗೊಳ್ಳಿ. ನಂಬರ್ ಇಲ್ಲದ ದೂರಿನ ಬಗ್ಗೆ ಆರ್‌ಟಿಐ ಹಾಕಿದರೆ "ದಾಖಲೆ ಲಭ್ಯವಿಲ್ಲ" ಅಂತ ಒಂದೇ ಸಾಲಲ್ಲಿ ಮುಗಿಸ್ತಾರೆ. ಎಫ್ಐಆರ್ ಆದ ಮೇಲೆ ಪ್ರತಿ ನಿಮಗೆ ಉಚಿತ. 2016ರ ಸುಪ್ರೀಂ ಕೋರ್ಟ್ ಆದೇಶದ ಪ್ರಕಾರ, ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್ಐಆರ್‌ಗಳನ್ನ 24 ಗಂಟೆಯಲ್ಲಿ ವೆಬ್‌ಸೈಟಿಗೆ ಹಾಕಬೇಕು. ಹೊಸ ಸಂಹಿತೆಯ 193ನೇ ಕಲಂ ಪ್ರಕಾರ ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ನಿಮಗೆ ತಿಳಿಸಬೇಕು. ಇದಕ್ಕೆ ಆರ್‌ಟಿಐಯೂ ಬೇಕಿಲ್ಲ, ಅದು ನಿಮ್ಮ ಹಕ್ಕು.

ಸಭಿಕರು: ಕೊನೆಗೂ ವೈಯಕ್ತಿಕ ಅಂತಲೇ ಉತ್ತರ ಬಂದರೆ? ಎಲ್ಲ ಮಾಡಿ ಏನು ಪ್ರಯೋಜನ?

ಆ ನಿರಾಕರಣೆಯನ್ನ ಎಸೆಯಬೇಡಿ. ದಿನಾಂಕ, ಸಹಿ, ಕಾರಣ, ಮೂರೂ ಇರೋ ಸರ್ಕಾರಿ ಕಾಗದ ಅದು. ಕೇಳಿದ್ದು ಏನು, ಕೊಡೋಲ್ಲ ಅಂದವರು ಯಾರು, ಯಾವತ್ತು ಅಂದರು ಅಂತ ಅದರಲ್ಲಿ ದಾಖಲಾಗಿದೆ. ಮುಂದೆ ಹೈಕೋರ್ಟಿಗೆ ಹೋಗೋಕೂ ಅದು ಬೇಕು, ಪೊಲೀಸ್ ದೂರು ಪ್ರಾಧಿಕಾರಕ್ಕೆ ಹೋಗೋಕೂ ಬೇಕು. ಹಾಶಿಂಪುರಾದವರಿಗೆ 2007ರಲ್ಲಿ ಸಿಕ್ಕಿದ್ದೂ ಒಂದು ಖಾಲಿ ಕಾಲಂ ಮಾತ್ರ ತಾನೆ? ಅದನ್ನ ಅವರು 11 ವರ್ಷ ಕಾಪಾಡಿಕೊಂಡು ಕೋರ್ಟಿಗೆ ಓಡಾಡಿದರು. ಮುಂದಿನ ವಾರ ಇಲ್ಲೇ ಕೂತು ಅರ್ಜಿ ಬರೆಯೋಣ. ನಿಮ್ಮ ದೂರಿನ ಪ್ರತಿ, ಡೈರಿ ನಂಬರ್ ತನ್ನಿ.